ಗುಬ್ಬಿಗೂಡು ಇಳಿಸುವಾಗ ಏಣಿಯಿಂದ ಬಿದ್ದ ಅಹ್ಮದ್ ಪಾಷಾರವರ ಬಗ್ಗೆ

ಸುಭದ್ರಮ್ಮ ಕೋಂ ಭೀಮಾಶಂಕರ, ವಯಸ್ಸು 46 ವರ್ಷ, ಕಸುಬು ಬ್ಲೌಸ್ ಹೊಲಿಯುವುದು, ಹಾಲಿ ವಾಸ: ಮಧುಕರ್‌ರವರ ಮನೆಯ ಹಿಂಭಾಗದ ಬಾಡಿಗೆ ಕೋಣೆ, ಜೀವನ್ ಬಿಮಾ ನಗರ, ಬೆಂಗಳೂರು. ಸ್ವಂತ ಊರು ಯಾದಗಿರಿ ಜಿಲ್ಲೆ, ಶಹಾಪುರ ತಾಲ್ಲೂಕು. ಈ ದಿವಸ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಮೇಲ್ಕಂಡ ವಿಳಾಸದಲ್ಲಿ ಗಂಡನೊಂದಿಗೆ ಒಂಬತ್ತು ವರ್ಷದಿಂದ ವಾಸವಾಗಿರುತ್ತೇನೆ. ಮುಂದಿನ ಮನೆಯಲ್ಲಿ ಮಾಲೀಕರಾದ ಮಧುಕರ್ ಹಾಗೂ ಅವರ ತಾಯಿ ಇರುತ್ತಾರೆ. ನಮ್ಮ ಪಕ್ಕದ ಕೋಣೆಯಲ್ಲಿ ಮೃತ ಅಹ್ಮದ್ ಪಾಷಾ, 67 ವರ್ಷ, ಮತ್ತು ಅವರ ಮಗ ಅಫ್ತಾಬ್ ಇದ್ದರು. ಪಾಷಾರವರು ಬಡಗಿ. ಕೈ ನಡುಗಲು ಶುರುವಾದ ಮೇಲೆ ಶಿವಾಜಿನಗರದ ಅಂಗಡಿಯ ಕೆಲಸ ಬಿಟ್ಟು ಮನೆಯಲ್ಲೇ ಇದ್ದರು. ನಾನು ಅವರನ್ನು ಭಾಯ್ ಎನ್ನುತ್ತಿದ್ದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಅವರು ಉಳಿದಿದ್ದ ಪ್ಲೈವುಡ್ ತುಂಡುಗಳಲ್ಲಿ ಹಕ್ಕಿಗಳಿಗೆಂದು ಒಂದು ಗೂಡು ಮಾಡಿದರು. ಗರಗಸ ನೆಟ್ಟಗೆ ಹೋಗದ ಕಾರಣ ಗೂಡು ಒಂದು ಕಡೆ ವಾಲಿತ್ತು. ಅದನ್ನು ಚೆಂದ ಮಾಡಿಕೊಡು ತಂಗಿ ಎಂದು ನನಗೆ ಕೊಟ್ಟರು. ನಾನು ಬ್ಲೌಸ್‌ಗೆ ಹಾಕುವ ಕನ್ನಡಿ ಚೂರುಗಳನ್ನು ಸುತ್ತಲೂ ಅಂಟಿಸಿದೆ. ಯಾವ ಹಕ್ಕಿಯೂ ಬರಲಿಲ್ಲ. ಬಹಳ ದಿನವಾದ ಮೇಲೆ ಅವರು ನನಗೆ ಬೇಜಾರಾಗದಂತೆ, ಹೊಳಪಿಗೆ ಹೆದರುತ್ತವೇನೋ ಎಂದರು. ಕನ್ನಡಿ ಕಿತ್ತು ಹಳದಿ ಬಣ್ಣ ಬಳಿದು, ಬಾಗಿಲ ತೂತಿನ ಕೆಳಗೆ ಸಣ್ಣದಾಗಿ ಒಂದು ರಂಗೋಲಿ ಬರೆದೆ. ಆ ಬೇಸಿಗೆಯಲ್ಲಿ ಗುಬ್ಬಿ ಜೋಡಿ ಬಂತು. ಅವರು ನನ್ನ ಕೋಣೆಯ ಬಾಗಿಲು ತಟ್ಟಿ, ಮಾತನಾಡದೆ ಬೆರಳು ತೋರಿಸಿದ್ದು ನನಗೆ ನೆನಪಿದೆ. ಆಮೇಲೆ ಇನ್ನೂ ಐದಾರು ಗೂಡುಗಳಾದವು. ಕಾಳು ಹಾಕಲು ತೆಂಗಿನ ಚಿಪ್ಪುಗಳನ್ನು ತೂಗುಹಾಕಿದೆವು. ಬಟ್ಟಲಲ್ಲಿಟ್ಟ ನೀರಿಗೆ ಪಿಕಳಾರ, ಸೂರಕ್ಕಿ ಬರುತ್ತಿದ್ದವು. ಪಾರಿವಾಳಗಳೂ ಬಂದವು.

ಕಳೆದ ಜನವರಿಯಲ್ಲಿ ಮಧುಕರ್‌ರವರ ತಾಯಿಗೆ ಉಸಿರಾಟದ ಕಾಯಿಲೆ ಹೆಚ್ಚಾಯಿತು. ಪಾರಿವಾಳದ ಹಿಕ್ಕೆಯಿಂದ ಹೀಗಾಗಬಹುದು ಎಂದು ಡಾಕ್ಟರ್ ಹೇಳಿರುವುದಾಗಿ ಮಧುಕರ್ ಬಂದು ತಿಳಿಸಿದರು. ಪಾಷಾರವರು ಅವತ್ತೇ ಚಿಪ್ಪುಗಳನ್ನೆಲ್ಲ ಇಳಿಸಿ ಕಾಳು ಹಾಕುವುದನ್ನು ನಿಲ್ಲಿಸಿದರು. ಪಾರಿವಾಳಗಳು ಕೆಲವು ದಿನ ಗೋಡೆಯ ಮೇಲೆ ಕಾದು ಕೂತಿದ್ದವು. ಖಾಲಿ ಗೂಡುಗಳನ್ನೂ ಕಳಚಿ ಒಳಗಿಟ್ಟರು. ಗೋಡೆಯಿಂದ ಚಾಚಿದ ಸಜ್ಜೆಯ ಕೆಳಗಿದ್ದ ಹಳದಿ ಗೂಡಿನಲ್ಲಿ ಮಾತ್ರ ಈ ಮಾರ್ಚ್‌ನಲ್ಲಿ ಗುಬ್ಬಿ ಮರಿ ಮಾಡಿತ್ತು. ಮರಿಗಳು ಹಾರುವವರೆಗೆ ಇರಲಿ ಎಂದು ಪಾಷಾರವರು ಕೇಳಿಕೊಂಡಾಗ ಮಧುಕರ್ ಒಪ್ಪಿದ್ದರು.

ದಿನಾಂಕ 12-03-2025ರಂದು ಬೆಳಿಗ್ಗೆ ಸುಮಾರು 7 ಗಂಟೆಗೆ ಮಧುಕರ್ ಹಿತ್ತಿಲಿಗೆ ಬಂದು ಪೈಪ್ ಹಿಡಿದು ಫಿನಾಯಿಲ್ ಹಾಕಿ ನೆಲ ತೊಳೆಯುತ್ತಿದ್ದರು. ರಾತ್ರಿಯೆಲ್ಲ ಅವರ ತಾಯಿ ಕೆಮ್ಮಿದ್ದು ನಮಗೂ ಕೇಳಿಸಿತ್ತು. ಅವರು ಜೋರು ದನಿಯಲ್ಲಿ, ನಿಮಗೆ ಗುಬ್ಬಿ ಹೆಚ್ಚಾ, ನಮ್ಮಮ್ಮ ಹೆಚ್ಚಾ ಭಾಯ್, ಈಗಲೇ ತೆಗೀರಿ ಎಂದು ಕೂಗಿದರು. ಇದನ್ನು ಬೀದಿಯವರು ಕೇಳಿರುತ್ತಾರೆ. ನನ್ನ ಗಂಡ ಕೆಲಸಕ್ಕೆ ಹೋಗಿದ್ದು, ಅಫ್ತಾಬ್ ಕೋಣೆಯಲ್ಲಿ ಮಲಗಿದ್ದರಿಂದ ಆಮೇಲೆ ನಡೆದದ್ದನ್ನು ನನ್ನ ಹೊರತು ಯಾರೂ ನೋಡಿರುವುದಿಲ್ಲ.

ಪಾಷಾರವರು ವಾದ ಮಾಡಲಿಲ್ಲ. ಮರಿಗಳಿರುವ ಗೂಡನ್ನು ಹಾಗೇ ಇಳಿಸಿ ಪಕ್ಕದ ಖಾಲಿ ಸೈಟಿನ ಹೊಂಗೆ ಮರಕ್ಕೆ ಕಟ್ಟುತ್ತೇನೆ ಎಂದು ಏಣಿ ತಂದರು. ನಾನು ಹತ್ತುತ್ತೇನೆ ಎಂದೆ. ಸೀರೆ ಉಟ್ಟು ಹತ್ತಬೇಡ ಎಂದರು. ಆಗ ಮಧುಕರ್ ತಾವೇ ಬಂದು ಎರಡೂ ಕೈಯಿಂದ ಏಣಿ ಹಿಡಿದುಕೊಂಡರು. ಪಾಷಾರವರು ಸುಮಾರು ಆರು ಅಡಿ ಎತ್ತರಕ್ಕೆ ಹತ್ತಿ, ಗೂಡು ಬಿಚ್ಚಿ, ಬಗ್ಗಿ ನನ್ನ ಕೈಗೆ ಕೊಟ್ಟರು. ಒಳಗೆ ಮರಿಗಳು ಕೂಗುತ್ತಿದ್ದವು. ಅಷ್ಟರಲ್ಲಿ ಒಳಗಿನಿಂದ ಮಧುಕರ್‌ರವರ ತಾಯಿ ಉಸಿರು ಕಟ್ಟಿದವರಂತೆ ಮಗನನ್ನು ಕೂಗಿದರು. ಮಧುಕರ್ ಏಣಿ ಬಿಟ್ಟು ಓಡಿದರು. ಅವರು ಏಣಿಯನ್ನು ಎಳೆಯಲಿಲ್ಲ, ತಳ್ಳಲಿಲ್ಲ. ನೆಲ ಒದ್ದೆಯಾಗಿದ್ದರಿಂದ ಏಣಿಯ ಕಾಲು ಜಾರಿ ಪಾಷಾರವರು ಕೆಳಗೆ ಬಿದ್ದರು. ಗೂಡು ನನ್ನ ಎರಡೂ ಕೈಯಲ್ಲಿತ್ತು. ನಾನು ಅದನ್ನು ಮೊದಲು ಕೆಳಗಿಟ್ಟೆ. ಆಮೇಲೆ ಅವರ ಬಳಿ ಹೋದೆ.

ತಲೆಯ ಹಿಂಭಾಗಕ್ಕೆ ಪೆಟ್ಟಾಗಿ ರಕ್ತ ಬರುತ್ತಿತ್ತು. ತುಟಿ ಅಲ್ಲಾಡಿತು. ಪಾನಿ ಎಂದದ್ದು ಕೇಳಿ ನಾನು ನೀರು ತಂದೆ. ರಂಜಾನ್ ತಿಂಗಳಾದ್ದರಿಂದ ಅವರು ನೀರೂ ಕುಡಿಯದೆ ರೋಜಾ ಉಪವಾಸ ಇದ್ದರೆಂದು ನನಗೆ ಗೊತ್ತಿತ್ತು. ಆದರೂ ಬಾಯಿಗೆ ಹಾಕಿದೆ. ಒಳಗೆ ಹೋಗದೆ ಕೆನ್ನೆಯ ಮೇಲೆ ಹರಿಯಿತು. ತಾಯಿಗೆ ಆಕ್ಸಿಜನ್ ಹಚ್ಚಿ ಹೊರಬಂದ ಮಧುಕರ್, ಪಾಷಾರವರನ್ನು ನೋಡಿ ಓಡಿಬಂದು ಎತ್ತಿಕೊಂಡರು. ನಂತರ ತಮ್ಮ ಕಾರಿನಲ್ಲಿ ಇಂದಿರಾನಗರದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪಾಷಾರವರ ತಲೆ ನನ್ನ ತೊಡೆಯ ಮೇಲಿತ್ತು. ಮತ್ತೆ ಮಾತು ಬರಲಿಲ್ಲ. ಮಾರನೇ ದಿನ ಸಂಜೆ ತೀರಿಕೊಂಡರು.

ದಿನಾಂಕ 14ರಂದು ದಫನ್ ಆದ ಮೇಲೆ ಅಫ್ತಾಬ್, ಮಧುಕರ್ ಏಣಿ ಎಳೆದು ತನ್ನ ತಂದೆಯನ್ನು ಬೀಳಿಸಿದ್ದಾರೆಂದು ದೂರು ಕೊಟ್ಟಿರುತ್ತಾನೆ. ನಾನು ಬಾಡಿಗೆ ಮನೆ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದೇನೆಂದು ಬೀದಿಯಲ್ಲಿ ಮಾತಾಗಿದೆ. ನಿಜ ಹೇಳಿದರೆ ಅಫ್ತಾಬ್ ಏನೆಂದುಕೊಳ್ಳುತ್ತಾನೋ ಎಂಬ ಕಾರಣಕ್ಕೆ ನಾನು ಎರಡು ದಿನ ಸುಮ್ಮನಿದ್ದದ್ದು ಹೌದು. ಈ ತಿಂಗಳ ಕೊನೆಗೆ ನಾವು ಮನೆ ಖಾಲಿ ಮಾಡುತ್ತಿದ್ದೇವೆ. ಆ ಹಿತ್ತಿಲಿನಲ್ಲಿ ಬಟ್ಟೆ ಒಣಗಿಸಲು ನನಗೆ ಆಗುತ್ತಿಲ್ಲ.

ಈ ದಿವಸ ಬೆಳಿಗ್ಗೆ ಅಫ್ತಾಬ್ ನಮ್ಮ ಕೋಣೆಗೆ ಬಂದು, ತಂದೆ ಕೊನೆಗೆ ಏನು ಹೇಳಿದರೆಂದು ಕೇಳಿದನು. ನೀರು ಕೇಳಿದರು, ನಾನು ರೋಜಾ ಮುರಿಸಿಬಿಟ್ಟೆ ಎಂದು ಅತ್ತೆನು. ಸರಿಯಾಗಿ ಯಾವ ಮಾತು ಎಂದು ಕೇಳಿದ್ದಕ್ಕೆ, ಪಾನಿ ರಖ್ ಎಂದರು ಎಂದೆ. ಅಫ್ತಾಬ್, ಅದು ಕುಡಿಯೋಕೆ ಕೇಳಿದ್ದಲ್ಲ ಆಂಟಿ, ಹಕ್ಕಿಗೆ ನೀರಿಡು ಅಂದಿದ್ದು, ದಿನಾ ಬೆಳಿಗ್ಗೆ ನನ್ನನ್ನ ಎಬ್ಬಿಸಿ ಇದೇ ಹೇಳೋರು, ಅವತ್ತು ನಾನು ಎದ್ದಿರಲಿಲ್ಲ ಎಂದನು.

ಆಮೇಲೆ ಮಧುಕರ್‌ರವರ ಕೈ ಎಲ್ಲಿತ್ತು ಎಂದು ಕೇಳಿದನು. ನಾನು ಕಂಡಂತೆ ಹೇಳಿದೆನು. ಅವನು ಗೋಡೆಯ ಕಡೆ ತಿರುಗಿ ನಿಂತಿದ್ದನು. ಹಂಗಿದ್ರೆ ಹಂಗೇ ಬರೆಸಿ ಆಂಟಿ, ಆದ್ರೆ ಮಧುಕರ್ ಅವರ ಮುಖ ನೋಡು ಅಂತ ಮಾತ್ರ ನನಗೆ ಹೇಳಬೇಡಿ ಎಂದನು. ತನ್ನ ಬೈಕಿನಲ್ಲಿ ಅವನೇ ನನ್ನನ್ನು ಠಾಣೆಗೆ ಕರೆತಂದಿದ್ದು, ಸದ್ಯ ಗೇಟಿನ ಹೊರಗೆ ನಿಂತಿರುತ್ತಾನೆ.

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿರುತ್ತೇನೆ, ಕಾಣದ್ದನ್ನು ಸೇರಿಸಿರುವುದಿಲ್ಲ. ಬರೆದುಕೊಂಡದ್ದನ್ನು ಓದಿ ಹೇಳಿದ್ದು ಕೇಳಿದೆ, ಸರಿ ಇರುತ್ತದೆ.

ಸ್ಥಳ: ಬೆಂಗಳೂರು
ದಿನಾಂಕ: 16-03-2025
ಸಹಿ: ಸುಭದ್ರಮ್ಮ