ಮೊದಲು ಯಾವ ಪಾಠ?

ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಸಾಲು ಉದ್ದವಿತ್ತು. ಸಾಲಿನಲ್ಲಿದ್ದ ನಿವೃತ್ತ ಬಸ್ ಚಾಲಕನೊಬ್ಬನ ಮುಂದೆ ಸಮವಸ್ತ್ರದ ನರ್ಸ್ ಒಬ್ಬಳು, ಅವಳ ತಂಗಿಯ ಮಗಳು ನಿಂತಿದ್ದರು. ಹುಡುಗಿಯ ತೋಳಲ್ಲಿ ದಪ್ಪನೆಯ ಔಷಧಶಾಸ್ತ್ರದ ಪುಸ್ತಕ.

“ಪರೀಕ್ಷೆಗೆ ಹತ್ತೊಂಬತ್ತೇ ದಿನ ದೊಡ್ಡಮ್ಮ. ಈ ಸಲನೂ ಫೇಲಾದ್ರೆ ಡಾಕ್ಟರ್ ಓದೋದೇ ಬಿಟ್ಬಿಡ್ತೀನಿ.”

“ಬಿಡೋದನ್ನ ಆಮೇಲೆ ನೋಡೋಣ. ನನ್ನ ವಾರ್ಡಲ್ಲಿ ಮೂವತ್ತು ಜನ ಇದಾರೆ. ಮೊದಲು ಯಾರ ಹತ್ರ ಹೋಗ್ತೀನಿ?”

“ಉಸಿರಾಡಕ್ಕೆ ಒದ್ದಾಡ್ತಿರೋರ ಹತ್ರ.”

“ನಿನ್ನ ಪುಸ್ತಕದಲ್ಲಿ ಹಾಗೆ ಒದ್ದಾಡಿಸ್ತಿರೋ ಪಾಠ ಯಾವುದು?”

“ನೀರಿಳಿಸೋ ಮಾತ್ರೆಗಳದ್ದು. ಐದು ಸಲ ಓದಿದೀನಿ, ತಲೇಲಿ ನಿಲ್ತಿಲ್ಲ.”

“ಇವತ್ತು ಅದೊಂದೇ. ಉಳಿದಿದ್ದನ್ನ ದಿನಕ್ಕೊಂದರಂತೆ ಹಂಚ್ಕೋ. ಓದಿದ್ದನ್ನ ಬಾಯಿಬಿಟ್ಟು ಹೇಳ್ಬೇಕು. ಈಗ ಹೇಳು, ನನಗೇನೂ ಗೊತ್ತಿಲ್ಲ ಅನ್ಕೊ.”

ಹುಡುಗಿ ತಡವರಿಸುತ್ತಲೇ ಶುರುಮಾಡಿದಳು. “ಮೈಯಲ್ಲಿ ಹೆಚ್ಚಾದ ಉಪ್ಪು, ನೀರು ಮೂತ್ರದಲ್ಲಿ ಹೊರಗೆ ಹೋಗೋ ಹಾಗೆ ಮಾಡುತ್ತೆ. ಅದಕ್ಕೇ ಸಾಮಾನ್ಯವಾಗಿ ಬೆಳಿಗ್ಗೆ ಕೊಡೋದು. ರಾತ್ರಿ ತಗೊಂಡ್ರೆ ಎದ್ದೂ ಎದ್ದೂ ನಿದ್ದೆಗೇಡು.”

ಚಾಲಕನಿಗೆ ಸುಮ್ಮನಿರಲಾಗಲಿಲ್ಲ. “ನನಗೂ ನೀರಿಳಿಸೋ ಮಾತ್ರೆ ಕೊಟ್ಟಿದಾರೆ, ರಾತ್ರಿನೇ ನುಂಗ್ತಿದೀನಿ ಕಣಮ್ಮ. ನಿದ್ದೆ ಕೆಡೋದು ವಯಸ್ಸಿನಿಂದ ಅನ್ಕೊಂಡಿದ್ದೆ.”

ಹುಡುಗಿ ಕೈಚಾಚಿ ಅವನ ಚೀಟಿ ಇಸಿದುಕೊಂಡಳು. “ಬೆಳಿಗ್ಗೆ ಅಂತಲೇ ಬರೆದಿದಾರೆ ಯಜಮಾನ್ರೇ.”

“ಡಾಕ್ಟರ ಅಕ್ಷರ ನನಗೆಲ್ಲಿ ತಿಳಿಯುತ್ತೆ? ನೀನು ಹೇಳಿದ್ದು ತಿಳೀತು.”

ಹುಡುಗಿಯ ಮುಖ ಅರಳಿತು. ಅಷ್ಟರಲ್ಲಿ ಅವರ ಸರದಿ ಬಂತು. ಔಷಧಿ ತೆಗೆದುಕೊಂಡು ಇಬ್ಬರೂ ಮೆಟ್ಟಿಲಿಳಿಯುವಾಗ ಅವಳ ದನಿ ಕೇಳಿಸಿತು. “ದೊಡ್ಡಮ್ಮ, ನಾಳೆ ಡ್ಯೂಟಿ ಎಷ್ಟೊತ್ತಿಗೆ ಮುಗಿಯುತ್ತೆ? ಇನ್ನೊಂದು ಪಾಠ ಒಪ್ಪಿಸ್ಬೇಕು.”