ಹಸಿರು ಸ್ಕಾರ್ಫಿನ ಫೋಟೋ

ಇಲ್ಲ, ಸೂಪು ಬೇಡ ಗೊಡೆಲೀವ್, ನಾನು ಉಣ್ಣೋಕೆ ಬಂದವನಲ್ಲ... ಬಡಿಸೇಬಿಟ್ರಲ್ಲ. ಅರ್ಧ ಬಟ್ಟಲು ಸಾಕಿತ್ತು. ಈ ಕುರ್ಚೀನಾ? ಎಲ್ಲರೂ ಉಂಡು ಹೋಗಿ ಹಾಲ್ ಪೂರ್ತಿ ಖಾಲಿ ಇದೆ, ಇದೇ ಯಾಕೆ? ಆಯ್ತು, ಆಯ್ತು, ಕೂತೆ.

ಏನು ಹೇಳ್ತಿದ್ದೆ... ಹಾಂ, ಫೋಟೋ. ನೋಡಿ, ನಮ್ಮ ಪ್ರತಿಷ್ಠಾನ ಗೆಂಟ್ ಊರಲ್ಲಿ ಇಂಥ ಊಟದ ಮೇಜು ಎಷ್ಟು ಕಡೆ ನಡೆಸುತ್ತೆ! ಒಂಟಿಯಾಗಿರೋ ವಯಸ್ಸಾದವರು ವಾರಕ್ಕೊಂದು ದಿನವಾದ್ರೂ, ಸೋಮವಾರ ಸೋಮವಾರ, ನಾಲ್ಕು ಜನರ ಜೊತೆ ಕೂತು ಉಣ್ಣಲಿ ಅಂತ... ಅಯ್ಯೋ, ಈ ಮೇಜು ನಡೆಸೋ ನಿಮಗೇ ಹೇಳ್ತಿದ್ದೀನಲ್ಲ. ಭಾಷಣ ಮಾಡಿ ಮಾಡಿ ಬಾಯಿಗೆ ಬಂದ್ಬಿಡುತ್ತೆ. ಬಿಸ್ಕತ್ತು ಮಾರಿ ಕೂಡಿಟ್ಟ ಒಂದು ಮನೆತನದ ದುಡ್ಡು ಕೊನೆಗೆ ಸೂಪಾಗಿ ಕರಗ್ತಿದೆ ಅಂತ... ನಗಲ್ವಾ? ಬೇರೆ ಕಡೆ ಈ ಮಾತಿಗೆ ಎಲ್ಲಾ ನಗ್ತಾರೆ.

ಸರಿ. ನೀವು ಕಳಿಸಿದ ಆ ಫೋಟೋ, ಹಸಿರು ಸ್ಕಾರ್ಫಿನ ಹೆಂಗಸು ಚಮಚ ಊದ್ತಾ ನಗ್ತಿರೋದು. ಚೆನ್ನಾಗಿಲ್ಲ ಅನ್ನಲ್ಲ. ನಮ್ಮ ಅಧ್ಯಕ್ಷೆ ಅಂತೂ ಮನಸೋತುಹೋದ್ರು. ವರದಿಯ ಮುಖಪುಟಕ್ಕೂ ಅದೇ, ಟ್ರಾಮ್ ನಿಲ್ದಾಣಗಳ ಗೋಡೆಗೂ ಅದೇ ಅಂದ್ರು. ನಾಳೆ ಮುದ್ರಣ. ಅದಕ್ಕೇ ಓಡಿ ಬಂದೆ. ನೀವು ಅಧ್ಯಕ್ಷೆಗೊಂದು ಫೋನ್ ಮಾಡಿ, ಆಕೆಗೆ ಮುಖ ತೋರಿಸೋದು ಇಷ್ಟ ಇಲ್ಲವಂತೆ ಅನ್ನಿ. ಅಷ್ಟೇ. ಒಂದೇ ಒಂದು ಮಾತು.

ಯಾಕೆ ಹಾಗೆ ನೋಡ್ತೀರಿ? ಆಕೆಯ ಮರ್ಯಾದೆ ಪ್ರಶ್ನೆ ಇದು. ಅಕ್ಕಪಕ್ಕದವರು ನೋಡ್ತಾರೆ. ಅಂಗಡಿಯವನು ನೋಡ್ತಾನೆ. ಏನಮ್ಮಾ, ನೀನೂ ದಾನದ ಊಟಕ್ಕೆ ಹೋಗ್ತೀಯಾ ಅಂತಾರೆ. ಮಕ್ಕಳು ಇದ್ರೆ... ಅಂದ್ರೆ, ಇದ್ರೆ ಅಂತ ಹೇಳ್ತಿದ್ದೀನಿ, ಅವರಿಗೆ ಹೇಗಾಗಬೇಡ?

ತಲೆ ಆಡಿಸ್ತೀರಿ. ಆಕೆ ಒಪ್ಪಿದ್ಳಾ? ಆಕೇನೇ ಫೋಟೋ ತೆಗೀರಿ ಅಂದ್ಳಾ? ಎದೆ ಮೇಲೆ ಬೆರಳಿಟ್ಟು ಏನು ತೋರಿಸ್ತೀರಿ... ಹೌದು, ಫೋಟೋದಲ್ಲಿ ನೋಡಿದೆ, ಬೆಳ್ಳಿ ಹಕ್ಕಿಯ ಪಿನ್ನು. ಮದುವೆಗೋ ನಾಮಕರಣಕ್ಕೋ ಬಿಟ್ರೆ ಅದನ್ನ ಪೆಟ್ಟಿಗೆಯಿಂದ ತೆಗೆಯೋಳೇ ಅಲ್ಲ ಅವಳು... ತೆಗೆಯಲ್ಲ ಅನ್ಸುತ್ತೆ. ಅಂಥದ್ದನ್ನ ಯಾರು ದಿನಾ ಹಾಕ್ತಾರೆ, ಅದಕ್ಕೆ ಹೇಳಿದೆ.

ಈ ಸೂಪು... ಟೊಮೇಟೊ ಸರಿ, ಜಾಯಿಕಾಯಿ ಸ್ವಲ್ಪ ಜಾಸ್ತಿ. ಮಾಂಸದ ಉಂಡೆ ಇಷ್ಟು ಸಣ್ಣಗೆ ಕಟ್ಟಿದ್ದು ಯಾರು? ನಿಮ್ಮ ಕೈಯದ್ದಲ್ಲ ಇದು. ಹೋಗ್ಲಿ, ಹೇಳಬೇಡಿ. ಹೇಳಬೇಡಿ ಅಂದೆ.

ನೀವು ನಾನು ಬಾಗಿಲಲ್ಲಿ ನಿಂತಾಗಲೇ ಕಂಡುಹಿಡಿದ್ರಿ, ಅಲ್ವಾ? ಮೂಗು ನೋಡಿ. ಎಲ್ಲರೂ ಮೂಗು ನೋಡೇ ಹೇಳೋದು. ಅದಕ್ಕೇ ಈ ಕುರ್ಚಿ ಕೊಟ್ರಿ. ಈ ಹೆಣೆದ ದಿಂಬು ಅವಳದು.

ಹೌದು, ನನ್ನ ಅಮ್ಮ.

ನನ್ನ ಮನೆಯಿಂದ ಅವಳ ಮನೆಗೆ ಒಂದೇ ಟ್ರಾಮು ಗೊಡೆಲೀವ್, ನಡುವೆ ಇಳಿದು ಹತ್ತೋದೂ ಬೇಡ. ಈ ವಾರ ಹೋಗೋಣ, ಮುಂದಿನ ವಾರ ಹೋಗೋಣ... ಒಂಟಿತನದ ಬಗ್ಗೆ ಮಾತಾಡೋಕೆ ಬ್ರಸೆಲ್ಸಿಗೆ ಹೋಗ್ತೀನಿ, ಓಸ್ಲೋಗೂ ಹೋಗ್ಬಂದೆ. ಫೋನಲ್ಲಿ ಊಟ ಆಯ್ತಾ ಅಂತೀನಿ. ಆಯ್ತು ಅಂತಾಳೆ. ಎಲ್ಲಿ ಅಂತ ನಾನು ಕೇಳಿಲ್ಲ. ನಾಚಿಕೆ ಆಗುತ್ತೆ ನನಗೆ.

ಇನ್ನೂ ಇದೆ. ಕೂತ್ಕೊಳ್ಳಿ, ಇನ್ನೂ ಇದೆ. ಸಭೇಲಿ ಆ ಫೋಟೋ ಗೋಡೆ ಮೇಲೆ ದೊಡ್ಡದಾಗಿ ಬಂತು. ಪಾಪ, ಈಕೆಗೆ ಯಾರೂ ಇಲ್ವಾ ಅಂತ ಅಧ್ಯಕ್ಷೆ ಕೇಳಿದ್ರು. ಈ ಮೇಜುಗಳೆಲ್ಲ ನನ್ನ ಉಸ್ತುವಾರಿ ತಾನೆ, ಎಲ್ಲರೂ ನನ್ನ ಕಡೆ ತಿರುಗಿದ್ರು. ನಾನು... ಯಾರೂ ಇಲ್ಲ ಅಂದೆ. ಅಂದ್ಬಿಟ್ಟೆ. ಅದನ್ನೇ ಫೋಟೋ ಕೆಳಗೆ ಹಾಕಿ ಅಂದ್ರು. "ಇವರಿಗೆ ಯಾರೂ ಇಲ್ಲ. ಸೋಮವಾರ ಇದೆ." ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ.

ಅವಳು ಟ್ರಾಮಿಗೆ ಕಾಯ್ತಾ ನಿಂತು ಅದನ್ನ ಓದ್ತಾಳೆ. ಅರ್ಥ ಆಯ್ತಾ? ಅದಕ್ಕೇ ಫೋನ್ ಮಾಡಿ ಅಂತ ಕಾಲು ಹಿಡೀತಿದ್ದೀನಿ. ಪಿನ್ನು ಹಾಕ್ಕೊಂಡಿದ್ದೇ ನಾನು ನೋಡ್ಲಿ ಅಂತ. ಈ ಮೇಜು ಯಾರ ದುಡ್ಡಿಂದ ನಡೆಯುತ್ತೆ, ಅಲ್ಲಿ ಯಾರಿದ್ದಾರೆ ಅಂತ ಅವಳಿಗೆ ಗೊತ್ತು. ನನ್ನ ಮಗ ಅಲ್ಲೇ ಕೆಲಸದಲ್ಲಿದ್ದಾನೆ ಅಂತ ನಿಮಗೂ ಹೇಳಿರಬೇಕಲ್ಲ. ಹೇಳಿದ್ಳಾ?

ನಿಮಗಲ್ಲದಿದ್ರೆ ಮೇಜಿನವರಿಗೆ? ಹೊಗಳೋದು ಬೇಡ, ಬೈದಿರಲಿ... ಚಮಚ ಒರೆಸೋದು ಬಿಟ್ಟು ಈ ಕಡೆ ನೋಡಿ. ಮಗ ಅಂತ ಒಬ್ಬ ಇದ್ದಾನೆ ಅಂತಾದ್ರೂ ಅಂದಿರಬೇಕಲ್ಲ? ನೀವು ಮೊದಲ ದಿನ ಕೇಳ್ತೀರಲ್ಲ ಎಲ್ಲರನ್ನೂ, ಮನೇಲಿ ಯಾರಿದ್ದಾರೆ ಅಂತ?

ಗೊಡೆಲೀವ್?

ಓ.

ಅವಳೂ ಯಾರೂ ಇಲ್ಲ ಅಂದ್ಳಾ.

...ಫೋನ್ ಬೇಡ ಬಿಡಿ. ಫೋಟೋ ಕೆಳಗೆ ಹಾಕಿರೋದು ಸುಳ್ಳಲ್ಲ.