ಬೊಮ್ಮಿಯ ಹಾಲುಹಲ್ಲು

ನಗೋದಾದರೆ ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ನಕ್ಕರೆ ನಾನು ಎದ್ದು ಹೋಗುತ್ತೇನೆ. ಇದು ಎಲ್ಲೋ ಯಾರಿಗೋ ಆಗಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗಳು ಅಂಬಿಕಾಗೆ ಆಗಿದ್ದು. ದೆವ್ವ ಅಂದರೆ ಮೂಗು ಮುರಿಯುತ್ತಿದ್ದವಳು ಅವಳು. ಓದಿದವಳು ಬೇರೆ.

ಹೋದ ವರ್ಷ ಶೇಂಗಾ ಕೀಳುವ ಕಾಲ. ಅಂಬಿಕಾ ಜಗಳೂರಿನಿಂದ ಕೊನೇ ಬಸ್ಸು ಹಿಡಿದು ದೊಡ್ಡ ರಸ್ತೆಯಲ್ಲಿರುವ ನಮ್ಮೂರ ಗೇಟಿನಲ್ಲಿ ಇಳಿದಳು. ಅಲ್ಲಿಂದ ಊರೊಳಗೆ ನಡೆದೇ ಹೋಗಬೇಕು. ದಾರಿಯಲ್ಲಿ ಒಂದು ಹಳೇ ಬಾವಿ, ಪಕ್ಕದಲ್ಲಿ ತಗಡು ಹೊದಿಸಿದ ಪಂಪ್ ಮನೆ. ಬಾವಿಯಲ್ಲಿ ನೀರಿಲ್ಲ... ಆದರೂ ಕತ್ತಲಾದ ಮೇಲೆ ಅಲ್ಲಿ ಎಲ್ಲರೂ ಬಿರಬಿರನೆ ಹೆಜ್ಜೆ ಹಾಕುತ್ತಾರೆ.

ಅಂಬಿಕಾ ಮಾತ್ರ ನಿಧಾನಕ್ಕೆ ನಡೆಯುತ್ತಿದ್ದಳು. ಊರು ಬೇಗ ಬಂದುಬಿಟ್ಟರೆ ಪಕ್ಕದ ಮನೆ ಕರಿಬಸಮ್ಮನ ಮುಖ ನೋಡಬೇಕಲ್ಲ!

ಯಾಕೆ ಅಂತ ಹೇಳಿಬಿಡುತ್ತೇನೆ. ಅಂಬಿಕಾಳ ಕೆಲಸ ಕರಾವಳಿ ಕಡೆಯ ಒಂದು ಲ್ಯಾಬಿನಲ್ಲಿ. ಮಕ್ಕಳ ಹಾಲುಹಲ್ಲಿನೊಳಗೆ ತಿರುಳು ಇರುತ್ತದಂತೆ, ಅದರಲ್ಲಿ ಸ್ಟೆಮ್ ಸೆಲ್ ಇರುತ್ತವಂತೆ. ಅಂದರೆ ಇನ್ನೂ ಏನೂ ಆಗದೆ, ಮುಂದೆ ಮೂಳೆಯೋ ನರವೋ ಆಗಬಲ್ಲ ಜೀವಕೋಶ. ಅದಕ್ಕೆ ಮೈಕ್ರೋ ಆರ್‌ಎನ್‌ಎ ಅನ್ನುವ ಕಣ್ಣಿಗೆ ಕಾಣದ ಚೂರು ಸೇರಿಸಿದರೆ ಅದು ಒಂದೊಂದು ಜೀನಿನ ಬಾಯಿ ಮುಚ್ಚಿಸುತ್ತದೆ. ಯಾವುದರ ಬಾಯಿ ಮುಚ್ಚಿಸಿದರೆ ಕೋಶ ನರವಾಗುತ್ತದೆ ಅಂತ ಹುಡುಕುವುದು ಅವಳ ಕೆಲಸ. ಇಷ್ಟು ನನ್ನ ತಲೆಗೆ ಹೋಗುವಷ್ಟರಲ್ಲಿ ಅವಳ ಚಹಾ ಆರಿಹೋಗಿತ್ತು. ಇನ್ನೊಂದು ಮಾತು. ಹಲ್ಲು ತರಬೇಕಾದರೆ ಹೆತ್ತವರನ್ನು ಕೇಳಿಯೇ ತರಬೇಕು. ಅದು ಕಟ್ಟುನಿಟ್ಟು.

ಕರಿಬಸಮ್ಮನಿಗೆ ಒಬ್ಬಳೇ ಮಗಳು. ಅಜ್ಜಿಯ ಹೆಸರಿಟ್ಟು ಬೊಮ್ಮಕ್ಕ ಅಂತ, ಎಲ್ಲರ ಬಾಯಲ್ಲೂ ಬೊಮ್ಮಿ. ಬೇಸಿಗೆಯಲ್ಲಿ ಅಂಬಿಕಾ ಊರಿಗೆ ಬಂದಾಗ ಆ ಹುಡುಗಿಯ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. "ಅಂಬಕ್ಕಾ, ನೀನೇ ಕೀಳು" ಅಂತ ಬಂದು ಬಾಯಿ ತೆರೆದು ನಿಂತಳು. ಕೈಯಲ್ಲಿ ಸಗಣಿ ರೆಡಿ. ಗೊತ್ತಲ್ಲ, ಬಿದ್ದ ಹಲ್ಲನ್ನು ಸಗಣಿಯಲ್ಲಿ ಉಂಡೆ ಕಟ್ಟಿ ಮನೆ ಮೇಲೆ ಎಸೆಯಬೇಕು, ಇಲ್ಲದಿದ್ದರೆ ಹೊಸ ಹಲ್ಲು ಹುಟ್ಟುವುದಿಲ್ಲ.

ದಾರ ಕಟ್ಟಿ ಎಳೆದಳು. ಹಲ್ಲು ಬಂತು. ಬ್ಯಾಗಿನಲ್ಲಿ ದಾವಣಗೆರೆಯಿಂದ ಬೇರೆ ಮಕ್ಕಳ ಹಲ್ಲು ಒಯ್ಯಲು ತಂದ ತಂಪು ಡಬ್ಬಿ ಇತ್ತು. ಕರಿಬಸಮ್ಮ ಹೊಲಕ್ಕೆ ಹೋಗಿದ್ದಳು. ಸಂಜೆವರೆಗೆ ಕಾದು ಕೇಳಬಹುದಿತ್ತು... ಕಾಯಲಿಲ್ಲ. ಹಲ್ಲನ್ನು ಡಬ್ಬಿಗೆ ಹಾಕಿದಳು. ಸಗಣಿಯೊಳಗೆ ಒಂದು ಮೆಕ್ಕೆಜೋಳದ ಕಾಳು ಇಟ್ಟು ಬೊಮ್ಮಿಯ ಕೈಗೆ ಕೊಟ್ಟಳು. ಹುಡುಗಿ ಕುಣಿಯುತ್ತಾ ಮನೆ ತಗಡಿನ ಮೇಲೆ ಎಸೆದಳು.

ಲ್ಯಾಬಿನಲ್ಲಿ "ತಾಯಿ ಒಪ್ಪಿದಾರೆ" ಅಂದುಬಿಟ್ಟಳು. ಲ್ಯಾಬಿನ ತಟ್ಟೆಗಳಲ್ಲಿ ಬೊಮ್ಮಿಯ ಕೋಶಗಳು ಬೆಳೆದ ಹಾಗೆ ಬೇರೆ ಯಾವ ಮಗುವಿನವೂ ಬೆಳೆಯಲಿಲ್ಲ. ಎಲ್ಲರೂ ಅಂಬಿಕಾಳ ಬೆನ್ನು ತಟ್ಟಿದರು.

ಮಳೆಗಾಲದಲ್ಲಿ ಬೊಮ್ಮಿ ಡೆಂಗ್ಯೂ ಜ್ವರಕ್ಕೆ ತೀರಿಕೊಂಡಳು. ಹೊಸ ಹಲ್ಲು ಇನ್ನೂ ಹುಟ್ಟಿರಲಿಲ್ಲ. ಅಂಬಿಕಾ ಮಣ್ಣಿಗೂ ಬರಲಿಲ್ಲ. ನಾಚಿಕೆ. ಫೋನಿನಲ್ಲಿ ಎರಡು ಮಾತಾಡಿ ಇಟ್ಟುಬಿಟ್ಟಳು.

ಈಗ ಬಾವಿ ಹತ್ತಿರ ಬಂತು...

ಟಣ್.

ಪಂಪ್ ಮನೆಯ ತಗಡಿನ ಮೇಲೆ ಏನೋ ಬಿತ್ತು. ಆಮೇಲೆ ಕಟಕಟಕಟ ಅಂತ ಉರುಳಿ... ತೊಪ್. ಅವಳ ಕಾಲ ಬಳಿಯೇ. ಮೊಬೈಲ್ ಬೆಳಕು ಬಿಟ್ಟು ನೋಡಿದಳು. ಸಗಣಿ ಮೆತ್ತಿದ ಒಂದು ಮೆಕ್ಕೆಜೋಳದ ಕಾಳು. ಸಗಣಿ ಇನ್ನೂ ಹಸಿಯಾಗಿತ್ತು.

ಬಾವಿಯ ಆ ಬದಿಯಿಂದ ಪಿಸುದನಿ. ಹಲ್ಲಿನ ಸಂದಿಯಿಂದ ಗಾಳಿ ಸೋರುವ ದನಿ.

"ಅಂಬಕ್ಕಾ... ಇನ್ನೂ ಹುಟ್ಲಿಲ್ಲ ನೋಡಕ್ಕಾ."

ಅಂಬಿಕಾ ಓಡಲಿಲ್ಲ. "ತಪ್ಪಾತು ಬೊಮ್ಮಿ" ಅಂದಳಂತೆ. ಮತ್ತೆ ತಗಡಿನ ಮೇಲೆ... ಟಣ್.

ತಮ್ಮ ಮನೆಗೂ ಹೋಗದೆ ನೇರ ಕರಿಬಸಮ್ಮನ ಬಾಗಿಲು ಬಡಿದಳು. ಆಕೆ ಎಚ್ಚರವೇ ಇದ್ದಳು.

"ಬಾ ಒಳಗೆ. ನಿಂಗೂ ಕೇಳಿಸ್ತಾ? ದಿನಾ ರಾತ್ರಿ ನಮ್ಮ ತಗಡಿನ ಮ್ಯಾಲೂ ಹಿಂಗೇ ಬೀಳ್ತಾವೆ. ಬೆಳಿಗ್ಗೆ ಗುಡಿಸಿದ್ರೆ ಮೆಕ್ಕೆಜೋಳ. ನಾವು ಈ ಸಲ ಬರೀ ಶೇಂಗಾ ಹಾಕೀವಿ."

ಅಂಬಿಕಾ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಕಾಳು ಇಟ್ಟಿದ್ದು, ಹಲ್ಲು ಒಯ್ದು ಅದರ ಕೋಶ ಬೆಳೆಸಿದ್ದು, ಲ್ಯಾಬಿನಲ್ಲಿ ಹೇಳಿದ ಸುಳ್ಳು. ತಲೆ ಎತ್ತಲಿಲ್ಲ.

ಕರಿಬಸಮ್ಮ ಕೇಳಿದಳು. "ಅದು... ಜೀವ ಐತಾ?"

"ಐತಕ್ಕಾ. ಇನ್ನೂ ಬೆಳೀತೈತೆ."

"ಹಂಗಾದ್ರೆ ನಾನು ಮಣ್ಣು ಕೊಟ್ಟಿದ್ದು ಯಾರಿಗೆ?"

ಅಂಬಿಕಾ ಮುಖ ಮುಚ್ಚಿಕೊಂಡಳು.

"ಒಂದು ಮಾತು ಕೇಳಿದ್ರೆ ಕೊಡ್ತಿದ್ದೆ ಕಣೇ. ನಾಕು ಮಕ್ಕಳಿಗೆ ಒಳ್ಳೇದಾಗ್ತೈತೆ ಅಂದ್ರೆ ನಾನು ಬ್ಯಾಡ ಅಂತಿದ್ನಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅನ್ನುತ್ತಾಳೆ ಅಂಬಿಕಾ. ಆ ಮಾತಿಗೆ ಅವಳು ಅತ್ತುಬಿಟ್ಟಳು.

"ಅವಳ್ನ ನಂಗೆ ಕರ್ಕಂಡು ಬಾ" ಅಂದಳು ಕರಿಬಸಮ್ಮ.

"ಆ ಕೋಶ ತರಾಕೆ ಹೋದ್ರೆ ದಾರೀಲೇ ಸಾಯ್ತಾವಕ್ಕಾ..."

ಕರಿಬಸಮ್ಮ ಎದ್ದಳು. ಬಾಗಿಲು ಪೂರ್ತಿ ತೆರೆದಳು. ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಕತ್ತಲಿಗೆ ಕೂಗಿದಳು.

"ಬೊಮ್ಮೀ... ಬಾರೇ. ಹೊತ್ತಾತು."

ಆ ರಾತ್ರಿ ತಗಡಿನ ಮೇಲೆ ಮತ್ತೇನೂ ಬೀಳಲಿಲ್ಲ.

ಬೆಳಿಗ್ಗೆ ಲ್ಯಾಬಿನಿಂದ ಫೋನ್. ಜೊತೆಯಲ್ಲಿ ಕೆಲಸ ಮಾಡುವ ಪ್ರವೀಣ್ ಕುಮಾರ್.

"ಮೇಡಂ, ನಿಮ್ಮೂರ ಸ್ಯಾಂಪಲ್... ತಟ್ಟೆಯಲ್ಲಿ ಬರೀ ನೀರಿದೆ."

"ಸತ್ತು ತೇಲ್ತಿದಾವಾ?"

"ಸತ್ತಿದ್ರೆ ತೇಲ್ತಿದ್ವು. ಒಂದೂ ಇಲ್ಲ. ಫ್ರೀಜರಲ್ಲಿಟ್ಟಿದ್ದ ಟ್ಯೂಬೂ ಖಾಲಿ. ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇದೆ."

"ಪ್ರವೀಣ್... ಅದು ನಾನು ತಾಯಿಗೆ ಕೇಳದೆ ತಂದಿದ್ದು" ಅಂದಳು ಅಂಬಿಕಾ. ಅದೇ ಮಾತನ್ನು ಅವಳು ಲ್ಯಾಬಿನ ದೊಡ್ಡವರ ಮುಂದೆಯೂ ನಿಂತು ಹೇಳಿದಳು. ಆ ಕೆಲಸ ಅವಳ ಕೈ ಬಿಟ್ಟಿತು.

ನಂಬೋದು ಬಿಡೋದು ನಿಮ್ಮಿಷ್ಟ. ನಾನು ಪ್ರವೀಣ್ ಕುಮಾರನ ಜೊತೆ ಖುದ್ದು ಮಾತಾಡಿದ್ದೇನೆ, ನಂಬರ್ ಬೇಕಿದ್ದರೆ ಕೊಡುತ್ತೇನೆ. ಕೋಶಗಳನ್ನು ಬೆಚ್ಚಗಿಡುವ ಅದೇ ಪೆಟ್ಟಿಗೆಯಲ್ಲಿ, ಅದೇ ಸಾಲಿನಲ್ಲಿ, ದಾವಣಗೆರೆಯ ಮಕ್ಕಳ ತಟ್ಟೆಗಳೂ ಇದ್ದವು. ಹೆತ್ತವರನ್ನು ಕೇಳಿ ತಂದವು. ಅವಕ್ಕೆ ಏನೂ ಆಗಿರಲಿಲ್ಲ.